ಮುಚ್ಚಿದ ಏಳು ಕಿಂಡಿ

ಮೂಗಿನ ತುದಿಗೂ ನೆಲದ ಹಲಗೆಗೂ ನಡುವೆ ಒಂದೇ ಗೇಣು, ಬಿಟ್ಟ ಉಸಿರು ಮರಕ್ಕೆ ತಾಗಿ ಅಣಬೆಯ ವಾಸನೆ ಹೊತ್ತುಕೊಂಡು ಅವಳ ಮುಖಕ್ಕೇ ವಾಪಸು ಬರುತ್ತಿದೆ — ಇಪ್ಪತ್ತಾರು ವರ್ಷ ಈ ಹಲಗೆಯ ಮೇಲೆ ಗುಡಿಸಿದ್ದಾಳೆ, ಒರೆಸಿದ್ದಾಳೆ, ಸಿಟ್ಟು ಬಂದಾಗ ಕಾಲು ಅಪ್ಪಳಿಸಿದ್ದಾಳೆ, ಇದರ ಹೊಟ್ಟೆಯೊಳಗೆ ಏನಿದೆ ಎಂದು ಒಂದು ದಿನವೂ ಕೇಳಿದವಳಲ್ಲ, ಇವತ್ತು ಅಂಗಾತ ಮಲಗಿ ನೋಡುತ್ತಿದ್ದಾಳೆ, ಬೆನ್ನಿಗೆ ಹಸಿ ಮಣ್ಣು, ಕೈಯಲ್ಲಿ ಟಾರ್ಚು, ಪಕ್ಕದಲ್ಲಿ ಮೇಸ್ತ್ರಿ. ಮನೆಗಳ ಅಡಿಗೆ ನುಗ್ಗಿ ರಿಪೇರಿ ಮಾಡುವುದೇ ಅವನ ಕಸುಬು, ಅದಕ್ಕೇ ಊರೆಲ್ಲ ಹೆಗ್ಗಣ ಮೇಸ್ತ್ರಿ ಅನ್ನುತ್ತದೆ, ಹಾಗೆ ಕರೆದರೇ ಅವನು ಓಗೊಡುವುದು. ಅವನದೊಂದು ಹಟ, ಮನೆಯವರು ಜೊತೆಗೆ ತೆವಳಿ ಬಂದು ಕಣ್ಣಾರೆ ನೋಡದೆ ಗರಗಸ ಮುಟ್ಟುವುದಿಲ್ಲ, ದೇವ್ರು ಮನೇನ ಮೇಲಿಂದ ನೋಡ್ತಾನಮ್ಮ, ನಾನು ಕೆಳಗಿಂದ, ನಡುವೆ ಇರೋ ನೀವೂ ಒಂದ್ಸಲ ನೋಡ್ಬಿಡಿ, ಆಮೇಲೆ ಹೆಗ್ಗಣ ಸುಳ್ಳು ಹೇಳ್ತು ಅನ್ನೋ ಹಾಗಿಲ್ಲ. ತಲೆಯ ಮೇಲೆ ಟಪ್, ಟಪ್ — ಅವರ ಪಾದ, ಗಂಡನದು, ಎಡಗಾಲು ಕೊಂಚ ಎಳೆದು, ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ, ಸುಮ್ಮನೆ ಕೂತ್ಕೊಳ್ಳಿ ಅಂದರೆ ಕೇಳುವ ಜನವೇ ಅವರು, ಆಮೇಲೆ ಕೆಮ್ಮು, ಖಾಲಿ ಡಬ್ಬಿಯಲ್ಲಿ ಕಲ್ಲು ಕುಲುಕಿದ ಹಾಗೆ, ಮೂರು ಚಳಿಗಾಲದಿಂದ ಇದೇ ಕಲ್ಲು, ಇದೇ ಡಬ್ಬಿ. ಮೊನ್ನೆ ಡಾಕ್ಟರಮ್ಮ ಸ್ಟೆತಾಸ್ಕೋಪು ಕೊರಳಿಗಿಳಿಸಿ, ಮನೇಲಿ ಬೂಷ್ಟು ವಾಸನೆ ಬರುತ್ತಾ, ಬರುತ್ತೆ ಅಂದ್ರೆ ಮೊದಲು ನೆಲದ ಅಡಿ ನೋಡಿಸಿ, ಇನ್ನೊಂದು ಚಳಿಗಾಲ ಇದೇ ಗಾಳಿ ಕುಡಿದ್ರೆ ಇವರ ಎದೆ ತಡೆಯಲ್ಲ.

ಮೇಸ್ತ್ರಿ ಒಂದು ಊದುಬತ್ತಿ ಹಚ್ಚಿದ, ಇದೇನು, ನೆಲದಡಿಯಲ್ಲೂ ಪೂಜೆಯೇ, ಅಲ್ಲಮ್ಮ, ಹೊಗೆ ನೋಡಿ, ಹೊಗೆ ನೆಟ್ಟಗೆ, ಕಂಬದ ಹಾಗೆ, ಆಚೆ ಈಚೆ ಅಲುಗದೆ ನಿಂತಿತ್ತು, ಗಾಳಿ ಸತ್ತುಹೋಗಿದೆ, ಇಲ್ಲಿ ಸುತ್ತ ಪಾಯದ ಗೋಡೇಲಿ ಗಾಳಿಯಾಡೋಕೆ ಏಳು ಕಿಂಡಿ ಇರಬೇಕಲ್ಲ, ಎಲ್ಲಿ? — ಅವಳಿಗೆ ಗೊತ್ತು ಎಲ್ಲಿ, ಕಣ್ಣು ಕಟ್ಟಿ ಬಿಟ್ಟರೂ ತೋರಿಸಿಯಾಳು. ಟಾರ್ಚನ್ನು ಮಾತ್ರ ಬೇರೆ ಕಡೆಗೆ ತಿರುಗಿಸಿದಳು. ಅವನೇ ಗೋಡೆ ತಡವಿ ಕೈ ತೂರಿಸಿ ಏನನ್ನೋ ಜಗ್ಗಿದ, ಬಂತು, ಬೂದು ಬಣ್ಣದ ಸ್ವೆಟರು, ಹಸಿರು ಬೂಷ್ಟು ಹಿಡಿದು ಸತ್ತ ಬೆಕ್ಕಿನಷ್ಟು ಭಾರವಾಗಿ. ಯಾರಮ್ಮ ತುರುಕಿದ್ದು? ಇಲಿ ಇರಬೇಕು, ಅಂದಳು. ಮೇಸ್ತ್ರಿ ಸ್ವೆಟರನ್ನು ಟಾರ್ಚಿನ ಬೆಳಕಿಗೆ ಹಿಡಿದ, ಗುಂಡಿ ಹಾಕಿ ತೋಳು ಮಡಚಿ ಇಟ್ಟಿದೆಯಲ್ಲಮ್ಮ, ಇಂಥ ಇಲಿ ನಮ್ಮನೇಲಿ ಒಂದಿದ್ದಿದ್ರೆ ನನ್ನ ಹೆಂಡತಿಗೆ ಎಷ್ಟು ಆಸರೆ ಆಗ್ತಿತ್ತು!

ಹೌದು, ಮಡಚಿದ್ದೇ, ಸುಮ್ಮನೆ ಮುದ್ದೆ ಮಾಡಿ ತುರುಕಲು ಮನಸ್ಸು ಬರಲಿಲ್ಲ, ಅವರದಲ್ಲವೇ. ಮೂರು ವರ್ಷದ ಹಿಂದೆ ಚಳಿಗಾಲದ ಒಂದು ಮಧ್ಯಾಹ್ನ ಅವರ ಪಾದವನ್ನು ಮಡಿಲಲ್ಲಿಟ್ಟು ತಿಕ್ಕುತ್ತಿದ್ದಳು, ಎಷ್ಟು ತಿಕ್ಕಿದರೂ ಹೊಳೆಯೊಳಗಿನ ಕಲ್ಲು, ಹಲಗೆಯ ಸಂದಿನಿಂದ ಸುಯ್ಯೆಂದು ಗಾಳಿ ಬೀಸುತ್ತಿತ್ತು, ಮರುದಿನ ಅವರು ಕ್ಷೌರಕ್ಕೆ ಹೋದದ್ದೇ ತಡ ಹಳೆಯ ಶಾಲು, ಟವೆಲು, ಪರದೆ, ಈ ಸ್ವೆಟರು, ಎಲ್ಲ ಎತ್ತಿಕೊಂಡು ಹೊರಗಿನಿಂದ ಸೌಟಿನ ಹಿಡಿಯಲ್ಲಿ ಒತ್ತಿ ಒತ್ತಿ ಏಳೂ ಕಿಂಡಿ ಮುಚ್ಚಿದಳು, ಒಂದೊಂದಕ್ಕೂ ಒಂದೊಂದು ಸಲ ದೇವರ ಹೆಸರು, ಇವರ ಕಾಲು ಬೆಚ್ಚಗಿರಲಿ ತಂದೆ, ಇಷ್ಟು ನಡೆಸಿಕೊಡು. ಅವನು ನಡೆಸಿಕೊಟ್ಟ, ಪಾದ ಬೆಚ್ಚಗಾಯಿತು, ಅವಳು ಕೈ ಮುಗಿದಳು, ಎರಡು ತಿಂಗಳಿಗೆ ಕೆಮ್ಮು ಶುರು. ಬೆಚ್ಚಗೆ ಬೇಕಿದ್ರೆ ಹೊದಿಕೆ ಹಲಗೆಗೆ ಹೊದಿಸ್ಬೇಕಮ್ಮ, ಕಿಂಡಿಗಲ್ಲ, ಮೇಸ್ತ್ರಿ ಹೇಳುತ್ತಿದ್ದಾನೆ, ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸು, ತೇವ ಮೇಲೇಳಬಾರದು, ತೊಲೆಗಳ ನಡುವೆ ಉಣ್ಣೆಯಂಥ ಹಾಳೆ, ಶಾಖ ಕೆಳಗಿಳಿಯಬಾರದು, ಗಾಳಿ ಮಾತ್ರ ಅದರ ಪಾಡಿಗೆ ಬಂದು ಹೋಗ್ತಿರ್ಬೇಕು, ವರ್ಷಕ್ಕೆರಡು ಸಲ ಬಗ್ಗಿ ನೋಡಿದ್ರೆ ಸಾಕು — ಬಗ್ಗಿ ನೋಡಿದ್ದರೆ! ನೋಡದೆ ಬೈದಳು, ಸೇದಿದ್ದು ಕಮ್ಮಿಯೇ ನೀವು, ಮದುವೆಗೆ ಮೊದಲಿಂದ ಸಿಗರೇಟು, ಈಗ ಅನುಭವಿಸಿ, ಅವರೂ ತಲೆ ತಗ್ಗಿಸಿ, ಹೌದು ಕಣೆ, ನಾನೇ ಮಾಡ್ಕೊಂಡಿದ್ದು, ದಿನಾ ಬೆಳಿಗ್ಗೆ ಕೈ ಮುಗಿದು ದೇವರಲ್ಲಿ ತಪ್ಪಾಯಿತು ಅನ್ನುತ್ತಾರೆ, ಸಿಗರೇಟು ಬಿಟ್ಟು ಹದಿನೆಂಟು ವರ್ಷವಾದ ಮನುಷ್ಯ, ಅವಳು ಮಾಡಿದ ತಪ್ಪಿಗೆ.

ಎರಡನೆಯದು ಬಂತು, ಮೂರನೆಯದು, ಶಾಲು, ಪರದೆ, ಏಳನೆಯದೂ ಬಂತು, ಪ್ರತಿ ಕಿಂಡಿಗೊಂದು ಬಿಲ್ಲೆ ಹಗಲು ಒಳಗೆ ಬಿತ್ತು, ಮೇಸ್ತ್ರಿ ಸ್ಕ್ರೂಡ್ರೈವರಿನಿಂದ ದೊಡ್ಡ ತೊಲೆಯನ್ನು ಚುಚ್ಚುತ್ತ ಹೋದ, ಅವಳು ಉಸಿರು ಹಿಡಿದಳು, ಠಣ್, ಠಣ್, ಗಟ್ಟಿಯಿದೆ, ಪುಣ್ಯವಂತರಮ್ಮ ನೀವು, ಮಂಚದ ಹತ್ತಿರದ ಒಂದು ಹಲಗೆ ಮಾತ್ರ ಹೋಗಿದೆ. ಅವಳು ಕೈ ಚಾಚಿ ತೊಲೆಯನ್ನು ಮುಟ್ಟಿದಳು, ಹಿರಿಸೊಸೆಯ ಹಾಗೆ ಇದು, ಮೂರು ವರ್ಷ ಒದ್ದೆಯಲ್ಲಿ ನಿಂತು ಮಂಚ ಹೊತ್ತಿದೆ, ಮನುಷ್ಯರನ್ನು ಹೊತ್ತಿದೆ, ಒಂದು ಮಾತು ಆಡಿಲ್ಲ, ನಿನ್ನ ಋಣ ದೊಡ್ಡದು ತಾಯಿ. ಮೇಸ್ತ್ರಿ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಾನೆ, ದನಿ ತಗ್ಗಿಸಿ, ಯಜಮಾನ್ರಿಗೆ ನಾನೇನೂ ಹೇಳಲ್ಲಮ್ಮ, ಕೆಳಗೆ ಕಂಡಿದ್ದು ಕೆಳಗೇ, ಎಷ್ಟೋ ಮನೆ ಕಂಡಿದೀನಿ. ಒಳ್ಳೆಯವನು, ತಣ್ಣಗಿರಲಿ ಅವನ ಹೊಟ್ಟೆ, ಸುಮ್ಮನಿದ್ದುಬಿಟ್ಟರೆ ಆಯಿತು, ಕೆಮ್ಮು ವಾಸಿಯಾಗುತ್ತದೆ, ಯಾರಿಗೂ ಏನೂ — ನಾಳೆ ಬೆಳಿಗ್ಗೆ ಅವರು ಮತ್ತೆ ಕೈ ಮುಗಿಯುತ್ತಾರೆ, ತಪ್ಪಾಯಿತು ಅನ್ನುತ್ತಾರೆ, ಅವಳು ಕೇಳಿಸಿಕೊಂಡು ಕಾಫಿ ಕೊಡಬೇಕು. ಗರಗಸ ಕರಕರ ಎನ್ನುತ್ತದೆ, ಕೊಳೆತ ಹಲಗೆ ಕೇಕಿನ ಹಾಗೆ ಪುಡಿಯಾಗಿ ಬೀಳುತ್ತದೆ, ತೆರೆದುಕೊಂಡಿತು, ಮೊಳ ಉದ್ದ, ಅಂಗೈ ಅಗಲ, ಮೇಲಿನ ಕೋಣೆಯ ಬೆಳಕು ಧಾರೆಯಾಗಿ ಅವಳ ಮೂಗಿನ ಮೇಲೆ.

ರೀ, ಅಂದಳು ಆ ಬೆಳಕಿಗೆ, ರೀ, ನಿಮ್ಮ ಸಿಗರೇಟಲ್ಲ ರೀ, ನಾನೇ, ನಿಮ್ಮ ಕಾಲಿಗೆ ಚಳಿ ಅಂತ ಕಿಂಡಿಗೆಲ್ಲ ಬಟ್ಟೆ ತುರುಕಿದ್ದೆ, ಅದಕ್ಕೇ ತೇವ, ಅದಕ್ಕೇ ನಿಮಗೆ ಕೆಮ್ಮು, ನಿಮ್ಮದೇನೂ ತಪ್ಪಿಲ್ಲ. ಗರಗಸ ನಿಂತಿತು. ಮೇಲೆ ಅವರು ನೆಲಕ್ಕೆ ಕೂತ ಸದ್ದು. ಊದುಬತ್ತಿಯ ಹೊಗೆ ಕಿಂಡಿಯ ಕಡೆಗೆ ವಾಲಿತು. ಆಮೇಲೆ ಅವರ ದನಿ, ಬಹಳ ಹತ್ತಿರದಿಂದ, ಅಂದ್ರೆ ನನ್ನ ಬೈದಿದ್ದೆಲ್ಲ ವಾಪಸ್ ತಗೋತೀಯಾ? ತಗೋತೀನಿ ರೀ. ಎಲ್ಲಾನೂ? ಅವಳು ಯೋಚಿಸಿದಳು, ಸಿಗರೇಟಿನದ್ದು ಮಾತ್ರ. ಮೇಲೆ ನಗು, ನಗು ಜಾರಿ ಕೆಮ್ಮಾಗಿ, ಕಲ್ಲು, ಡಬ್ಬಿ, ನಿಂತೀತೇ, ನಿಂತಿತು, ಉದ್ದನೆಯ ಉಸಿರೊಂದು ಒಳಗೆ ಹೋಯಿತು, ಮೂರು ವರ್ಷದಲ್ಲಿ ಅಷ್ಟು ಉದ್ದದ್ದು ಅವಳು ಕೇಳಿರಲಿಲ್ಲ, ತಂದೆ, ಇಷ್ಟು ಸಾಕು. ಈ ಸಂದಿಯಿಂದ ಗಾಳಿ ಬರ್ತಿದೆ ಕಣೆ, ಅಂದರು, ನನ್ನ ಕಾಲು ಮತ್ತೆ ತಣ್ಣಗಾಯ್ತು, ಹಿಡ್ಕೋ — ಬೆಳಕಿಗೆ ಏನೋ ಅಡ್ಡ ಬಂತು, ಯಜಮಾನ್ರೇ ಗರಗಸ, ಗರಗಸ ಎಂದು ಮೇಸ್ತ್ರಿ ಕೂಗಿದ, ಅವಳು ಕೇಳಿಸಿಕೊಳ್ಳಲಿಲ್ಲ, ಹಲಗೆಯ ನಡುವಿನಿಂದ ಕಣ್ಣೆದುರಿಗೇ ಇಳಿದಿದೆ, ಒಡೆದ ಹಿಮ್ಮಡಿ, ಕಿರುಬೆರಳಿಗಂಟಿದ ಮರದ ಪುಡಿ, ಪಾದ, ಅವಳ ಕೆಸರುಗೈ ಎರಡೂ ಮೇಲೆದ್ದವು, ಪಾದ, ಹೊಳೆಯೊಳಗಿನ ಕಲ್ಲಿನಷ್ಟು ತಣ್ಣಗೆ, ಪಾದ.