ಮುಚ್ಚಳದ ಹಿಡಿ

ಮಗನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅತ್ತೆ ಪಾತ್ರೆಯ ಮುಚ್ಚಳ ತೆಗೆಯಲು ಹೋಗಿ ಬೆರಳು ಸುಟ್ಟುಕೊಂಡರು. ಮುಚ್ಚಳದ ಹಿಡಿ ಎಂದೋ ಮುರಿದು ಬರೀ ತಿರುಪು ಉಳಿದಿತ್ತು.

“ನಾಳೆ ಮಾಡ್ಕೊಡ್ತೀನಿ, ನಾಳೆ ಮಾಡ್ಕೊಡ್ತೀನಿ ಅಂತಾನೇ ಇದ್ದ,” ಎಂದರು, ಬೆರಳನ್ನು ನಲ್ಲಿಯ ಕೆಳಗೆ ಹಿಡಿದು. “ನೀನು ಕೆಲ್ಸಕ್ಕೆ ಹೋಗು ತಾಯಿ. ಇಬ್ರೂ ಗೋಡೆ ನೋಡ್ಕೊಂಡು ಕೂತ್ರೆ ಗೋಡೆಗೂ ಬೇಜಾರಾಗುತ್ತೆ.”

ಅವಳು ಹೋದಳು. ಅಳು ಇನ್ನೂ ಬಂದಿರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಒಂದೇ ಕಾರ್ಖಾನೆಯಲ್ಲಿ, ಒಂದೇ ಮೇಜಿನ ಎರಡು ಬದಿಯಲ್ಲಿ ದುಡಿದವರು. ಕೊರೆಯುವ ಯಂತ್ರಗಳಿಗೆ ಅಳತೆ ಹೇಳಿಕೊಡುವ ಸಾಫ್ಟ್‌ವೇರ್ ಅವರದು. ಅದರಲ್ಲಿ ಸಾಲು ಸಾಲಾಗಿ ಆಜ್ಞೆ ಬರೆದರೆ ವಸ್ತುವೇನೋ ಸಿದ್ಧವಾಗುತ್ತಿತ್ತು, ಕಣ್ಣಿಗೆ ಮಾತ್ರ ಕಾಣುತ್ತಿರಲಿಲ್ಲ. ಯಂತ್ರ ಕೊರೆದ ಮೇಲೇ ತಪ್ಪು ಗೊತ್ತಾಗುವುದು. ಅದಕ್ಕೆಂದೇ ಅವನು ವಸ್ತುವನ್ನು ಮೊದಲೇ ಪರದೆಯ ಮೇಲೆ ತೋರಿಸುವ ‘ಶೋ’ ಎಂಬ ಹೊಸ ಆಜ್ಞೆ ಸೇರಿಸುತ್ತಿದ್ದ. ಅದು ಅರ್ಧಕ್ಕೆ ನಿಂತಿತ್ತು. ಪರೀಕ್ಷಿಸಲೆಂದು ಅವನೇ ಬರೆದಿಟ್ಟ ವಸ್ತುವೊಂದು ಪಕ್ಕದಲ್ಲಿತ್ತು. ಅದಕ್ಕಿಟ್ಟ ಹೆಸರು ‘ನಾಳೆ’.

ಅದನ್ನು ನೋಡಬೇಕು. ಇಷ್ಟು ದಿನಗಳಲ್ಲಿ ಅವಳಿಗೆ ಬೇಕೆನಿಸಿದ್ದು ಅದೊಂದೇ.

ಉಳಿದ ಸಾಲುಗಳನ್ನು ಬರೆದು ಓಡಿಸಿದಳು. ಬೂದು ಪರದೆ. ತಪ್ಪೆಂಬ ಸೂಚನೆಯೂ ಇಲ್ಲ, ವಸ್ತುವೂ ಇಲ್ಲ. ಅದರ ಬದಲು ಒಂದು ಡಬ್ಬಿಯ ಅಳತೆ ಕೊಟ್ಟು ನೋಡಿದಳು. ಗುಂಡುಕಲ್ಲಿನಂತೆ ಬಂದು ಕೂತಿತು. ಹಾಗಾದರೆ ಅವನದ್ದು ಎಲ್ಲಿ? ಚಿತ್ರವನ್ನು ಹಿಗ್ಗಿಸಿದಳು, ಮತ್ತೂ ಹಿಗ್ಗಿಸಿದಳು. ನಡುವೆ ಎಳ್ಳಿನಷ್ಟು ಏನೋ ಇತ್ತು.

ಅವನ ಡ್ರಾಯರ್ ಎಳೆದಳು. ಅವನು ಅಳತೆ ತೆಗೆದ ವರ್ನಿಯರ್ ಕ್ಯಾಲಿಪರ್ ಅಲ್ಲೇ ಇತ್ತು, ಕೆಳಗೆ ಲೇತ್ ಯಂತ್ರ ನಡೆಸುವ, ಎಲ್ಲರೂ ‘ಲೇತಿನ ಮಾವ’ ಎಂದು ಕರೆಯುವ ಹಿರಿಯರ ಹತ್ತಿರ ಎರವಲು ತಂದದ್ದು. ಅದರ ಗೆರೆಗಳು ಇಂಚಿನವು. ಸಾಫ್ಟ್‌ವೇರಿಗೆ ಗೊತ್ತಿದ್ದದ್ದು ಮಿಲಿಮೀಟರ್ ಮಾತ್ರ.

“ಅಯ್ಯೋ ದಡ್ಡ!” ಎಂದಳು. ಅವನು ಹೋದ ಮೇಲೆ ಅವನೊಡನೆ ಆಡಿದ ಮೊದಲ ಮಾತು.

ಇಂಚಿಗೆ ಇಪ್ಪತ್ತೈದು ಚಿಲ್ಲರೆ ಮಿಲಿಮೀಟರಿನಂತೆ ಪ್ರತಿ ಅಳತೆಯನ್ನೂ ಗುಣಿಸಿ ‘ಶೋ ನಾಳೆ’ ಎಂದು ಬರೆದಳು. ಬಂತು: ಸಣ್ಣ ಸೊಂಟ, ಚಪ್ಪಟೆ ತಲೆ, ಬುಡದಲ್ಲಿ ತಿರುಪಿಗೊಂದು ತೂತು. ಮುಚ್ಚಳದ ಹಿಡಿ. ತಿರುಗಿಸಿ ನೋಡಿದಳು. ಕಣ್ಣು ಮಂಜಾಯಿತು, ಒರೆಸಿಕೊಂಡು ಮತ್ತೆ ತಿರುಗಿಸಿದಳು.

ಲ್ಯಾಪ್‌ಟಾಪನ್ನೂ ವರ್ನಿಯರನ್ನೂ ಹಿಡಿದು ಕೆಳಗಿನ ಯಂತ್ರದ ಮನೆಗೆ ಇಳಿದಳು. ಲೇತಿನ ಮಾವ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿದರು.

“ಕೊರೆಯೋಕೆ ಮುಂಚೆ ತೋರಿಸ್ತೀನಿ ಅಂದಿದ್ದ. ತೋರಿಸಿಬಿಟ್ನಲ್ಲಮ್ಮ ಕಳ್ಳ!” ಮೂಗು ಏರಿಸಿಕೊಂಡರು. “ನೈಲಾನಲ್ಲಿ ಮಾಡ್ತೀನಿ. ಹಿತ್ತಾಳೆ ಹಾಕಿದ್ರೆ ನಿಮ್ಮತ್ತೆ ಕೈ ಸುಟ್ಕೊಂಡು ನನ್ ಕಿವಿ ಹಿಂಡ್ತಾರೆ. ಸಂಜೆ ಹೋಗ್ತಾ ತಗೊಂಡು ಹೋಗು.”

“ಇದು ಇಂಚಿಂದು ಅಂತ ಅವ್ರಿಗೆ ಹೇಳ್ಲಿಲ್ವಾ ಮಾವ?”

“ಹೇಳೋಕೆ ಬಿಟ್ನಾ? ‘ಒಂದ್ ಗಳಿಗೆ, ಕೊಟ್ಬಿಡ್ತೀನಿ’ ಅಂತ ಕಿತ್ಕೊಂಡು ಓಡಿದ.”

ಅವಳು ವರ್ನಿಯರಿನ ಧೂಳು ಒರೆಸಿ, ಅದರ ಬಾಯಿ ಮುಚ್ಚಿ, ಅವರ ಅಂಗೈಯಲ್ಲಿಟ್ಟಳು.

“ಗಳಿಗೆ ಸ್ವಲ್ಪ ಉದ್ದ ಆಯ್ತು ಮಾವ,” ಅಂದಳು.