ಪಂಚಮಿಯ ಕೌದಿ

ಆ ವರ್ಷ ಆಷಾಢ ಮುಗಿಯುವ ಮೊದಲೇ ಮರುಳಸಿದ್ದಮ್ಮ ಕೌದಿಗೆ ಕೂತದ್ದು ಚಿತ್ತವಾಡ್ಗಿಯ ಹೆಂಗಸರಿಗೆ ಸೋಜಿಗವಾಯಿತು. ಕೌದಿ ಬೇಸಿಗೆಯ ಕೆಲಸ. ಹಳೆ ಸೀರೆ, ಹರಿದ ಧೋತರ ಸಿಕ್ಕಂತೆ ಪೇರಿಸಿ, ಅಂಗಳದಲ್ಲಿ ಹಾಸಿ, ನಾಲ್ಕು ಮಂದಿ ನಾಲ್ಕು ಮೂಲೆ ಹಿಡಿದು ಹೊಲಿದರೆ ಮುಗಿಯಿತು. ಈಕೆ ಒಬ್ಬಳೇ ಪಡಸಾಲೆಯಲ್ಲಿ ಕೂತು, ಕೌದಿಯ ಮೇಲೆ ನಾಗರ ಪಂಚಮಿಯನ್ನೇ ಹೊಲಿಯಲು ಹೊರಟಿದ್ದಳು. ನಡುವೆ ಬೇವಿನ ಮರ, ಅದಕ್ಕೆ ಕಟ್ಟಿದ ಜೋಕಾಲಿ, ಒಂದು ಬದಿಗೆ ಹುತ್ತ, ಇನ್ನೊಂದು ಬದಿಗೆ ಉಂಡಿ ತುಂಬಿದ ಬುಟ್ಟಿ. ತುಂಡುಗಳೆಲ್ಲ ಮಗಳು ಪಂಪಮ್ಮನ ಬಟ್ಟೆಗಳವು. ಪ್ರತಿ ಪಂಚಮಿಗೆ ಹೊಲಿಸಿದ ಪರಕಾರ, ಕುಬಸಗಳಲ್ಲಿ ತಾಯಿ ಒಂದನ್ನೂ ಬಿಸಾಡಿರಲಿಲ್ಲ.

ಪಂಪಮ್ಮನನ್ನು ಮೆಟ್ರಿಗೆ ಕೊಟ್ಟು ಮೂರು ವರ್ಷವಾಗಿತ್ತು. ಅಳಿಯ ಹಾಲಸ್ವಾಮಿಯದು ಕಾಲುವೆ ನೀರಿನ ಗದ್ದೆಯಿದ್ದ ಮನೆ. ಪ್ರತಿ ಸಲವೂ ಹಬ್ಬಕ್ಕೆ ಕರೆಯಲು ಹೋದರೆ ಅತ್ತೆ ಹಂಪಮ್ಮ ನಾಟಿಯ ನೆವ ಹೇಳಿ ಸೊಸೆಯನ್ನು ಕಳಿಸುತ್ತಿರಲಿಲ್ಲ. ಈ ಸಲ ಮಾತ್ರ ಬೀಗರೇ ಹೇಳಿಕಳಿಸಿದ್ದರು: ಬಂದು ಕರೆದುಕೊಂಡು ಹೋಗಿ. ಆ ಮಾತು ಕಿವಿಗೆ ಬಿದ್ದಂದೇ ಮರುಳಸಿದ್ದಮ್ಮ ಸೂಜಿಗೆ ದಾರ ಪೋಣಿಸಿದ್ದಳು.

ಚೌತಿಯ ಹಿಂದಿನ ಸಂಜೆ ಮಗ ಚನ್ನಯ್ಯನ ಗಾಡಿ ಬಾಗಿಲಿಗೆ ಬಂತು. ಕೌದಿಗೆ ಇನ್ನೊಂದು ಅಂಚು ಉಳಿದಿತ್ತು. ಮರುಳಸಿದ್ದಮ್ಮ ಅದನ್ನು ಹಾಗೇ ಬಿಟ್ಟು, ಕೈಗೆ ಸಿಕ್ಕ ತಂಬಿಗೆಯಲ್ಲಿ ನೀರು ತುಂಬಿಕೊಂಡು ಓಡಿದಳು. ಗಾಡಿಯಿಂದ ಇಳಿದವಳು ಪಂಪಮ್ಮನಲ್ಲ.

ಸಣ್ಣ ಮೈಯ, ಕಪ್ಪು ಬಣ್ಣದ ಹುಡುಗಿ. ಕಂಕುಳಲ್ಲಿ ಒಂದು ಗಂಟು. ಕೊರಳಲ್ಲಿ ಹೊಸ ತಾಳಿ.

"ಯಾರಪ್ಪ ಈಕಿ? ಪಂಪಿ ಎಲ್ಲಿ?"

ಚನ್ನಯ್ಯ ಎತ್ತಿನ ಕೊರಳ ಹಗ್ಗ ಬಿಚ್ಚುತ್ತಲೇ ಇದ್ದ. ಬಿಚ್ಚಿದ್ದು ಮುಗಿದರೂ ತಲೆ ಎತ್ತಲಿಲ್ಲ.

"ಬಾಯಿ ಬಿಡೋ! ಮಗಳು ಎಲ್ಲಿ?"

"ಆಕಿ ಬರಲಿಲ್ಲವ್ವ. ಈಕಿ ಹೊನ್ನೂರಮ್ಮ. ಕುರೆಕುಪ್ಪದಾಕಿ. ವೈಶಾಖದಾಗ ಹಾಲಸ್ವಾಮಿ ಈಕಿನ ಮದುವಿ ಮಾಡಿಕೊಂಡಾನ. ಪಂಪಿಗೆ ಮಕ್ಕಳಾಗಲಿಲ್ಲ ಅಂತ. ನಮಗ್ಯಾರೂ ತಿಳಿಸಿಲ್ಲ. ಈಗ ಇಬ್ಬರದಾರ, ನಾಟಿಗೆ ಒಬ್ಬಾಕಿ ಇರಲಿ, ತವರಿಗೆ ಒಬ್ಬಾಕಿನ್ನ ಮಾತ್ರ ಕಳಿಸ್ತೀನಿ ಅಂದಳು ಆಕಿ ಅತ್ತಿ. ಪಂಪಿ ಮೈತುಂಬ ಸೆರಗು ಹೊದ್ದು ಬಂದು ಈಕಿನ್ನ ಗಾಡಿ ಹತ್ತಿಸಿಬಿಟ್ಟಳು. ನಾ ಎಷ್ಟು ಹೇಳಿದರೂ ಕೇಳಲಿಲ್ಲ."

ತಂಬಿಗೆ ಮರುಳಸಿದ್ದಮ್ಮನ ಕೈಯಿಂದ ಜಾರಿ ಮೆಟ್ಟಿಲ ಮೇಲೆ ಉರುಳಿತು. ಸವತಿ! ಮಗಳಿಗೆ ಸವತಿ ಬಂದು ಮೂರು ತಿಂಗಳಾಗಿದೆ, ತಾನಿಲ್ಲಿ ಮಗಳು ಬರುತ್ತಾಳೆಂದು ಜೋಕಾಲಿ ಹೊಲಿಯುತ್ತ ಕೂತಿದ್ದೇನೆ. ಅದೂ ಸಾಲದೆಂಬಂತೆ ಆ ಸವತಿಯೇ ಪಂಚಮಿಗೆ ಬಂದು ತನ್ನ ಹೊಸ್ತಿಲ ಮುಂದೆ ನಿಂತಿದ್ದಾಳೆ.

ಹುಡುಗಿ ಬಗ್ಗಿ ಅವಳ ಕಾಲು ಮುಟ್ಟಿದಳು. "ಅಕ್ಕ ಕಳಿಸ್ಯಾಳ್ರಿ. ನನಗ ತವರಿಲ್ಲರಿ. ದೊಡ್ಡ ಜ್ವರ ಬಂದ ವರ್ಷ ಅಪ್ಪ, ಅವ್ವ ಇಬ್ಬರೂ ಹೋದರು."

ಮರುಳಸಿದ್ದಮ್ಮ ಕಾಲು ಹಿಂದೆ ಎಳೆದುಕೊಂಡಳು.

"ಊಟಕ್ಕೆ ಹಾಕು ಈಕಿಗೆ," ಎಂದಳು ಮಗನಿಗೆ. "ನಾಳೆ ಜಳಕ ಮಾಡಿ ಹೊರಡಲಿ. ಎಲ್ಲಿಂದ ತಂದ್ಯೋ ಅಲ್ಲಿ ಬಿಟ್ಟು ಬಾ."

ಅಂಗಡಿಯಿಂದ ಬಂದ ಗಂಡ ಕೊಟ್ರಯ್ಯ ಸುದ್ದಿ ಕೇಳಿ ಕಂಬಕ್ಕೊರಗಿ ಕೂತುಬಿಟ್ಟ. ಊರಿಗೆಲ್ಲ ಬೆಲ್ಲ ಮಾರುತ್ತಿದ್ದ ಆ ಮನುಷ್ಯನಿಗೆ ಊರ ಬಾಯಿಯೆಂದರೆ ಭಯ. ಆಮೇಲೆ ಅವನು ಅಂದದ್ದು ಇಷ್ಟೇ: "ಗಂಡಸು ಎರಡನೇದು ಮಾಡಿಕೊಳ್ಳೋದು ಲೋಕದಾಗ ಇಲ್ಲದ್ದೇನಲ್ಲ. ಸುಮ್ಮನಿರು."

ಹಬ್ಬದ ದಿನ ಮನೆಗೆ ಬಂದ ಹೆಣ್ಣುಮಗಳಿಗೆ ತಲೆಗೆ ಎಣ್ಣೆ ಹಚ್ಚದೆ ಕಳಿಸುವುದಕ್ಕೆ ಮರುಳಸಿದ್ದಮ್ಮನ ಮನಸ್ಸು ಒಪ್ಪಲಿಲ್ಲ. ಅವಳು ಸವತಿಯೇ ಆಗಿರಲಿ. ಬೆಳಿಗ್ಗೆ ಬಚ್ಚಲಿಗೆ ಕರೆದು, ಮುಖ ಗಂಟಿಕ್ಕಿಕೊಂಡೇ, ನೆತ್ತಿಗೆ ಎಣ್ಣೆ ತಟ್ಟಿ ನೀರು ಹೊಯ್ಯತೊಡಗಿದಳು. ಕತ್ತಿನ ಮೇಲೆ ಬಿಸಿನೀರು ಬಿದ್ದೊಡನೆ ಹುಡುಗಿ ಚೀರಿದಳು. ಹೊಗೆ ತಿಳಿಯಾಗಿ ಕಿಂಡಿಯ ಬೆಳಕು ಅವಳ ಬೆನ್ನಿಗೆ ಬಿತ್ತು.

ಬೆನ್ನ ತುಂಬ ಬಾಸುಂಡೆ. ಕೆಲವು ಒಣಗಿ ಕಪ್ಪಾಗಿದ್ದವು. ಹೆಗಲ ಕೆಳಗೆ ಬೆಂದ ಗುರುತೊಂದು ಇನ್ನೂ ಹಸಿಯಾಗಿತ್ತು. ಸೌಟಿನ ಹಿಡಿಯಷ್ಟು ಅಗಲ.

"ಏನವ್ವಾ ಇದು?"

"ಅನ್ನ ಸೀದಿತ್ರಿ."

"ಅನ್ನ ಸೀದರ ಹಿಂಗ ಸುಡ್ತಾರೇನು? ಯಾರು ಮಾಡಿದ್ದು?"

ಹೊನ್ನೂರಮ್ಮ ಮೊಳಕಾಲಿಗೆ ಮುಖ ಒತ್ತಿಕೊಂಡಳು. "ಅತ್ತಿ. ಒಮ್ಮೊಮ್ಮೆ ಅವರು. ನನಗ ಕಡಿಮಿರಿ. ಅಡ್ಡ ಬಂದು ಬಂದು ಅಕ್ಕನೇ ಹೊಡತ ತಿಂತಾಳ. ಆಕಿ ಬೆನ್ನು ನೀವು ನೋಡಬ್ಯಾಡ್ರಿ."

ಮರುಳಸಿದ್ದಮ್ಮನ ಕೈಯಲ್ಲಿದ್ದ ಚೊಂಬು ನಿಂತಲ್ಲೇ ನಿಂತಿತು. ಒಲೆಯ ಬೆಂಕಿ ಚಟಚಟ ಎನ್ನುತ್ತಿತ್ತು. ಮೂರು ವರ್ಷ ನಾಟಿಯ ನೆವ. ಮಗಳ ಬೆನ್ನು ತವರಿನ ಬಚ್ಚಲಿಗೆ ಬಾರದಂತೆ ನೋಡಿಕೊಂಡಿದ್ದರು!

"ಆಕಿ ಏನು ಹೇಳಿ ಕಳಿಸಿದಳು?" ಎಂದು ಕೇಳಿದಳು.

"ಏನೂ ಹೇಳಲಿಲ್ಲರಿ. ಅತ್ತಿ ಅಲ್ಲೇ ನಿಂತಿದ್ದಳು. ಗಾಡಿ ಹತ್ತಿಸುವಾಗ ಕಿವಿಯಾಗ ಅಂದಳು: ಜಳಕಕ್ಕ ಅವ್ವನೇ ನೀರು ಹಾಕ್ತಾಳ, ಬ್ಯಾಡ ಅನಬ್ಯಾಡ ಅಂತ."

ಆ ಬೆನ್ನಿಗೆ ಬೆಣ್ಣೆ ಹಚ್ಚಿ, ಹುಡುಗಿಗೆ ತನ್ನದೇ ಹಳೆಯ ಸೀರೆ ಸುತ್ತಿ, ಮರುಳಸಿದ್ದಮ್ಮ ಹೊರಗೆ ಬಂದಳು. "ಗಾಡಿ ಕಟ್ಟೋ ಚನ್ನ. ನಾನೇ ಬರ್ತೀನಿ."

"ಹಬ್ಬದ ದಿನ ಬೀಗರ ಮನಿಗೆ ಜಗಳಕ್ಕ ಹೊಂಟಿಯೇನು?" ಕೊಟ್ರಯ್ಯ ಬಾಗಿಲಿಗೆ ಅಡ್ಡ ನಿಂತ. "ಹೊನ್ನೂರಮ್ಮನ್ನ ಬಿಟ್ಟು ಬರಾಕ ಮಗ ಸಾಕು."

"ಆಕಿನ್ನ ಬಿಡಾಕ ಯಾರು ಹೊಂಟಾರ? ಆಕಿ ಇಲ್ಲೇ ಇರ್ತಾಳ. ಒಳಗ ಹೋಗಿ ಆಕಿ ಬೆನ್ನು ನೋಡ್ರಿ. ನೋಡಿದ ಮ್ಯಾಲೆ ಅಡ್ಡ ನಿಂದರ್ರಿ, ನಿಂದರತೀರೇನು ನೋಡೋಣ."

ಕೊಟ್ರಯ್ಯ ಒಳಗೆ ಹೋಗಲಿಲ್ಲ. ದಾರಿ ಬಿಟ್ಟ.

ಗಾಡಿ ಹತ್ತುವಾಗ ಮಳೆ ಹನಿಯುತ್ತಿತ್ತು. ಅವಳು ತಿರುಗಿ ಹೋಗಿ ಕೌದಿಯನ್ನು ಬಾಚಿಕೊಂಡು ಬಂದಳು. ಸೂಜಿ ಅದರಲ್ಲೇ ಚುಚ್ಚಿಕೊಂಡಿತ್ತು.

ಕಮಲಾಪುರ, ಕಂಪ್ಲಿ ದಾಟಿ ಮೆಟ್ರಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಪಂಪಮ್ಮ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮರುಳಸಿದ್ದಮ್ಮನಿಗೆ ಮೊದಲು ಗುರುತೇ ಸಿಗಲಿಲ್ಲ. ಮೂರು ವರ್ಷದ ಹಿಂದೆ ಹೊಸ್ತಿಲು ದಾಟಿ ಹೋದ ತುಂಬು ಕೆನ್ನೆಯ ಮಗಳು ಎಲ್ಲಿ, ಎಡಗೈ ಸೊಟ್ಟಗಿಟ್ಟುಕೊಂಡು ಬೂದಿ ಒರೆಸುತ್ತಿರುವ ಈ ಹೆಂಗಸು ಎಲ್ಲಿ! ಮುರಿದು, ಕಟ್ಟಿಸದೆ ಬಿಟ್ಟ ಕೈ ಅದು.

"ಅವ್ವ," ಎಂದಳು ಪಂಪಮ್ಮ. ಎದ್ದು ನಿಲ್ಲಲೂ ಮರೆತಳು. "ಬಂದ್ಯಾ? ನೀರು ನೀನೇ ಹಾಕಿದ್ಯಾ?"

ಹಂಪಮ್ಮ ಪಡಸಾಲೆಯಿಂದಲೇ ಕೂಗಿದಳು, "ಏನು ಬೀಗತಿ, ಹೇಳದ ಕೇಳದ? ಕುಂದರ್ರಿ."

"ಕುಂದ್ರಾಕ ಬಂದಿಲ್ಲ. ನನ್ನ ಮಗಳನ್ನ ಕರ್ಕೊಂಡು ಹೊಂಟೀನಿ."

ಹಾಲಸ್ವಾಮಿ ಒಳಗಿಂದ ಬಂದ. ನೋಡಿದವರು ಮೆದು ಮನುಷ್ಯನೆನ್ನುವಂಥ ಮುಖ. ಹಣೆಯ ವಿಭೂತಿ ಇನ್ನೂ ಹಸಿಯಿತ್ತು. ಆ ಮುಖ ನೋಡಿಯೇ ತಾವು ಮಗಳನ್ನು ಕೊಟ್ಟದ್ದು ಮರುಳಸಿದ್ದಮ್ಮನಿಗೆ ನೆನಪಾಯಿತು.

"ಹೋದರ ಮತ್ತ ಈ ಹೊಸ್ತಿಲ ತುಳಿಯಂಗಿಲ್ಲ," ಎಂದ, ಶಾಂತವಾಗಿ.

ಪಂಪಮ್ಮ ಬೂದಿಗೈ ಸೆರಗಿಗೆ ಒರೆಸಿಕೊಂಡಳು. ಒಳಗೆ ಹೋಗಿ ಏನನ್ನೂ ತರಲಿಲ್ಲ. ಹಿತ್ತಿಲ ಬಾಗಿಲಿನಿಂದಲೇ ಹೊರಟು ಗಾಡಿ ಹತ್ತಿದಳು.

ಆ ರಾತ್ರಿ ಕಂಪ್ಲಿಯ ಪರಿಚಯದವರ ಮನೆಯಲ್ಲಿ ತಂಗಿ, ಪಂಚಮಿಯ ಬೆಳಿಗ್ಗೆ ಮತ್ತೆ ಹೊರಟರು. ಕೆರೆಯ ಏರಿಯ ಮೇಲೆ ಹುಣಸೆಮರಗಳಿಗೆ ಜೋಕಾಲಿ ಕಟ್ಟಿ ಹುಡುಗಿಯರು ಜೀಕುತ್ತಿದ್ದರು. ಪಂಪಮ್ಮ ಕೌದಿ ಹೊದ್ದು ಕೂತಿದ್ದಳು. ಒಂದು ತುಂಡಿನ ಮೇಲೆ ಬೆರಳಾಡಿಸಿ, "ಇದು ನನ್ನ ಹಳದಿ ಪರಕಾರ ಅಲ್ಲೇನವ್ವ?" ಎಂದಳು. ತಾಯಿ ಅವಳ ಹೆಗಲಿನಿಂದ ಜಾರಿದ ಕೌದಿಯನ್ನು ಮೇಲೆಳೆದು ಹೊದಿಸಿದಳು.

ಏರಿ ದಾಟಿದ ಮೇಲೆ ಮರುಳಸಿದ್ದಮ್ಮ ಕೇಳಿದಳು, "ಒಂದು ಮಾತು ಹೇಳಿಕಳಿಸಬಾರದಿತ್ತೇನ? ದೀಪಾವಳಿಗೆ ನಿಮ್ಮಪ್ಪ ಬಂದಿದ್ದನಲ್ಲ, ಅವನ ಮುಂದಾದರೂ?"

"ಹೇಳಿದ್ದೆ."

"ಏನಂದಿ?"

"ಅಪ್ಪಗ ಹೇಳಿದ್ದೆನವ್ವ. ಕೈ ಆಗ ಇನ್ನೂ ಬಾತಿತ್ತು. ತೋರಿಸಿದೆ. ಹೊಂದಿಕೊಂಡು ಹೋಗು, ಅವ್ವಗ ಹೇಳಬ್ಯಾಡ ಅಂದ. ನನ್ನ ಹತ್ತಿರ ಆಣೆ ಹಾಕಿಸಿಕೊಂಡ. ಹೊನ್ನಿ ಹತ್ತಿರ ಯಾರೂ ಆಣೆ ಹಾಕಿಸಿಕೊಂಡಿರಲಿಲ್ಲ."

ಮರುಳಸಿದ್ದಮ್ಮ ಗಾಡಿಯ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದಳು. ಮುಂದೆ ಕೂತು ಎತ್ತು ಹೊಡೆಯುತ್ತಿದ್ದ ಚನ್ನಯ್ಯ ತಿರುಗಿ ನೋಡಿ, ಮತ್ತೆ ಮುಖ ಆಚೆ ಮಾಡಿದ. ದೀಪಾವಳಿಯಿಂದ ಈಚೆಗೆ ಎಷ್ಟು ಸಲ ಅವಳು ಆ ಗಂಡನ ತಟ್ಟೆಗೆ ರೊಟ್ಟಿ ಹಾಕಿದ್ದಳು! ಮಗಳು ಹೇಗಿದ್ದಾಳೆಂದು ಎಷ್ಟು ಸಲ ಕೇಳಿದ್ದಳು! ಪ್ರತಿ ಸಲವೂ ಅವನು ಚೆನ್ನಾಗಿದ್ದಾಳೆ ಎಂದಿದ್ದ, ಬೆಲ್ಲದ ಧಾರಣೆ ಹೇಳುವ ದನಿಯಲ್ಲಿ.

ಮನೆ ಮುಟ್ಟಿದಾಗ ಕೊಟ್ರಯ್ಯ ಕಟ್ಟೆಯ ಮೇಲಿದ್ದ. ಮಗಳ ಕೈ ನೋಡಿ ಎದ್ದು ನಿಂತ. ಹೆಂಡತಿಯ ಮುಖ ನೋಡಿದ್ದೇ ಅವಳಿಗೆಲ್ಲ ತಿಳಿದಿದೆಯೆಂದು ಅವನಿಗೆ ಗೊತ್ತಾಯಿತು. ಮರುಳಸಿದ್ದಮ್ಮ ಅವನನ್ನು ಬೈಯಲಿಲ್ಲ. ಅವನನ್ನು ದಾಟಿ ಒಳಗೆ ಹೋದಳು. ಅಂದಿನಿಂದ ಅವನಿಗೆ ಬಡಿಸುವುದು ಚನ್ನಯ್ಯನ ಪಾಲಿಗೆ ಬಂತು.

ಶ್ರಾವಣ ಮುಗಿಯುವ ಹೊತ್ತಿಗೆ ಮೆಟ್ರಿಯಿಂದ ಹಿರಿಯರು ಬಂದು ಪಡಸಾಲೆಯಲ್ಲಿ ಕೂತರು. ಹಿರಿ ಸೊಸೆ ಬೇಡ, ಕಿರಿಯವಳನ್ನಾದರೂ ಕಳಿಸಿ ಎಂದರು. ಕೊಟ್ರಯ್ಯ ತಲೆ ತಗ್ಗಿಸಿ ಹೂಂ ಅನ್ನುವುದರಲ್ಲಿದ್ದ. ಗಂಡಸರ ಮುಂದೆ ಎಂದೂ ಬಾರದ ಮರುಳಸಿದ್ದಮ್ಮ ನಡುಮನೆಯ ಬಾಗಿಲಿಗೆ ಬಂದು ನಿಂತಳು.

"ನನ್ನ ಹೆಣ್ಣುಮಕ್ಕಳು ಎಲ್ಲಿಗೂ ಬರಂಗಿಲ್ಲ."

"ನಿಮಗಿರಾಕಿ ಒಬ್ಬಾಕಿ ಮಗಳಲ್ಲೇನವ್ವಾ?" ಎಂದರು ಒಬ್ಬರು, ಬೆರಗಾಗಿ.

"ಇಬ್ಬರು," ಎಂದು ಅವಳು ಒಳಗೆ ಹೋದಳು.

ಒಳಗೆ ಹೊನ್ನೂರಮ್ಮ ಕೌದಿಯ ಉಳಿದ ಅಂಚಿಗೆ ದಾರ ಹಾಕುತ್ತಿದ್ದಳು. ಪಂಪಮ್ಮನ ಎಡಗೈಗೆ ಹಿಡಿತವಿರಲಿಲ್ಲ; ಮೊಳಕಾಲಿನಿಂದ ಬಟ್ಟೆ ಒತ್ತಿ ಹಿಡಿದಿದ್ದಳು. ಹೊರಗೆ ಹಿರಿಯರು ಚಪ್ಪಲಿ ಮೆಟ್ಟುವ ಸದ್ದು ಕೇಳಿತು. ಮೂವರೂ ಉಸಿರು ಬಿಗಿಹಿಡಿದು ಕೂತರು, ಆ ಸದ್ದು ಬೀದಿ ತಿರುಗುವವರೆಗೂ.