ಕಡ್ಡಿಯ ಕಾಲು

ಸೋತ ಮೇಲೂ ಮುಖ್ಯ ಸುತ್ತಿಗೆ ಹೋಗುವ ಒಂದು ದಾರಿ ಟೆನಿಸ್‌ನಲ್ಲಿದೆ. ಅರ್ಹತಾ ಪಂದ್ಯಗಳ ಕೊನೆಯ ಹಂತದಲ್ಲಿ ಸೋತವಳು ಊರಿಗೆ ಹೋಗದೆ ಅಲ್ಲೇ ಕಾಯಬಹುದು. ಮುಖ್ಯ ಸುತ್ತಿನವರಲ್ಲಿ ಯಾರಿಗಾದರೂ ಜ್ವರ ಬಂದರೆ, ಬೆನ್ನು ಹಿಡಿದುಕೊಂಡರೆ, ಆ ಜಾಗ ಇವಳಿಗೆ. ಅಂಥವಳನ್ನು ಲಕ್ಕಿ ಲೂಸರ್ ಎನ್ನುತ್ತಾರೆ. ಈ ಟೂರ್ನಿಯಲ್ಲಿ ಕಾಯುವವರ ಸಾಲಿನ ಮೊದಲ ಹೆಸರು ಗೋಡೆಯದು.

ಏನೇ ಹೊಡೆದರೂ ಚೆಂಡು ವಾಪಸ್ ಬರುತ್ತದೆ ಎಂದು ಹುಡುಗಿಯಾಗಿದ್ದಾಗ ಯಾರೋ ಅವಳಿಗೆ ಇಟ್ಟ ಹೆಸರು ಅದು. ಮೂವತ್ತು ದಾಟಿದರೂ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಉಳಿದದ್ದೆಲ್ಲ ಒಂದೊಂದಾಗಿ ಬಿಟ್ಟುಹೋಗುತ್ತಿತ್ತು. ರ‍್ಯಾಂಕಿಂಗ್ ಜಾರಿ ಜಾರಿ, ಇನ್ನು ಸ್ವಲ್ಪ ಇಳಿದರೆ ಇಂಥ ಟೂರ್ನಿಯ ಅರ್ಹತಾ ಪಂದ್ಯಕ್ಕೂ ಸೇರಿಸಿಕೊಳ್ಳುವುದಿಲ್ಲ ಎಂಬಲ್ಲಿಗೆ ಬಂದು ನಿಂತಿತ್ತು. ಇಲ್ಲಿ ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ ಗೆದ್ದರೆ ಇನ್ನೊಂದು ವರ್ಷ ಆಟಗಾರ್ತಿಯಾಗಿ ಉಳಿಯಬಹುದು. ಇಲ್ಲವಾದರೆ ಅಕ್ಕನ ಮನೆಯ ಹತ್ತಿರದ ಕ್ಲಬ್ಬಿನಲ್ಲಿ, ಬರಲು ಇಷ್ಟವಿಲ್ಲದ ಮಕ್ಕಳಿಗೆ ರ‍್ಯಾಕೆಟ್ ಹಿಡಿಯುವುದನ್ನು ಕಲಿಸಬೇಕು.

ಬೆಳಿಗ್ಗೆ ಬಂದು ಹಾಜರಿ ಹಾಕಿ, ಮೈ ಬಿಸಿ ಮಾಡಿಕೊಂಡು, ಬಟ್ಟೆ ಬದಲಿಸುವ ಕೋಣೆಯ ಬಾಗಿಲ ಪಕ್ಕದ ಬೆಂಚಿನಲ್ಲಿ ಅವಳು ಕೂತಿದ್ದಳು. ಅಲ್ಲಿ ಕೂತರೆ ಒಳಗೆ ಬರುವವರೆಲ್ಲ ಕಣ್ಣಿಗೆ ಬೀಳುತ್ತಾರೆ. ಸ್ನಾನದ ಕಡೆಯಿಂದ ಯಾರೋ ಕೆಮ್ಮಿದರು. ಗಂಟಲು ಸರಿಮಾಡಿಕೊಳ್ಳುವ ಕೆಮ್ಮೋ, ಎದೆಯಿಂದ ಬಂದ ಕೆಮ್ಮೋ ಎಂದು ಕಿವಿಗೊಟ್ಟಳು. ಗಂಟಲಿನದೇ. ಮನಸ್ಸು ಸಪ್ಪಗಾಯಿತು. ಸಪ್ಪಗಾದದ್ದು ಗೊತ್ತಾಗಿ ಶೂ ಲೇಸಿನ ಕಡೆ ಬಗ್ಗಿದಳು.

ಫೋನು ಬಂತು. ಅಮ್ಮ.

"ಏನ್ ಮಾಡ್ತಿದೀಯಾ?"

"ಕಾಯ್ತಿದೀನಿ."

"ಯಾರಾದ್ರೂ ಮಲಗಿದ್ರಾ?"

"ಹಾಗೆಲ್ಲ ಕೇಳ್ಬೇಡಮ್ಮ."

"ನಾನು ಕೇಳಿದ್ರೆ ತಪ್ಪು, ನೀನು ಕಾದ್ರೆ ತಪ್ಪಿಲ್ಲ. ರಣಹದ್ದಾದ್ರೂ ಪಾಪ, ರೆಕ್ಕೆ ನೋಯೋವರೆಗೂ ಹಾರುತ್ತೆ. ನೀನು ಬೆಂಚಿನ ಮೇಲೆ ಕೂತಿದೀಯ."

"ಇಡ್ತೀನಮ್ಮ."

"ಇಡು. ನೀರು ಕುಡಿ."

ನೀರು ಕುಡಿಯುತ್ತಿರುವಾಗ ಕಡ್ಡಿ ಒಳಗೆ ಬಂದಳು. ಹೆಸರಿಗೆ ತಕ್ಕ ಮೈ. ಆದರೆ ಕೋರ್ಟಿನಲ್ಲಿ ಗೀರಿದ ಕಡ್ಡಿಯ ಹಾಗೆ ಭಗ್ಗನೆ ಹತ್ತಿಕೊಳ್ಳುವವಳು. ಜೂನಿಯರ್ ದಿನಗಳಿಂದ ಇಬ್ಬರೂ ಡಬಲ್ಸ್ ಜೋಡಿ. ಹೋದ ಊರಿನಲ್ಲೆಲ್ಲ ಒಂದೇ ಕೋಣೆ, ಒಂದೇ ಸೋಪು. ಕಡ್ಡಿಯ ರ‍್ಯಾಂಕಿಂಗ್ ಮೇಲಿದ್ದುದರಿಂದ ಅವಳು ನೇರವಾಗಿ ಮುಖ್ಯ ಸುತ್ತಿನಲ್ಲಿದ್ದಳು. ಮಧ್ಯಾಹ್ನ ಅವಳ ಪಂದ್ಯ.

"ಏಳು. ನನ್ನ ಕಾಲು ನೋಡು," ಎಂದಳು.

ಹಿಂದಿನ ಸಂಜೆ ಅಭ್ಯಾಸದಲ್ಲಿ ಪಾದ ಮಡಚಿಕೊಂಡಿತ್ತು. ರಾತ್ರಿಯೆಲ್ಲ ಐಸು ಇಟ್ಟುಕೊಂಡು ಮಲಗಿದ್ದನ್ನು ಗೋಡೆಯೂ ನೋಡಿದ್ದಳು. ಬೆಳಿಗ್ಗೆ ಫಿಸಿಯೋ ಹತ್ತಿರ ಹೋಗಿ ಬಂದಾಗಿತ್ತು.

"ಫಿಸಿಯೋ ಏನಂದ್ರು?"

"ಸ್ವಲ್ಪ ಊತ ಇದೆ, ಆಡಿದ್ರೆ ಆಡ್ಬಹುದು, ಬೇಡ ಅಂದ್ರೆ ಬೇಡ ಅಂತ ಬರೀತೀನಿ ಅಂದ್ರು. ಅಷ್ಟು ಹೇಳೋಕೆ ಅವರ್ಯಾಕೆ, ನಮ್ಮ ಮನೆ ಬಾಗಿಲೂ ಹೇಳುತ್ತೆ. ಬಾ."

ಪಂದ್ಯದ ದಿನ ಆಟಗಾರ್ತಿಯ ಮೈ ಅವಳಿಗೇ ಸುಳ್ಳು ಹೇಳುತ್ತದೆ. ಹೆದರಿಕೆ ಇದ್ದರೆ ಇಲ್ಲದ ನೋವು ಕಾಣಿಸುತ್ತದೆ, ಆಸೆ ಇದ್ದರೆ ಇರುವ ನೋವು ಮಾಯವಾಗುತ್ತದೆ. ಅದಕ್ಕೇ ಅವರಿಬ್ಬರು ಎಂದೋ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು: ಒಬ್ಬಳ ಮೈ ಬಗ್ಗೆ ಇನ್ನೊಬ್ಬಳು ತೀರ್ಮಾನಿಸಬೇಕು. ಪರೀಕ್ಷೆ ಮಾಡಿಸಿಕೊಳ್ಳುವವಳು ಬಾಯಿ ತೆರೆಯಬಾರದು, ನೋವಿದೆ ಇಲ್ಲ ಎನ್ನಬಾರದು. ಪರೀಕ್ಷೆ ಮಾಡುವವಳು ಮುಟ್ಟಿ, ಒತ್ತಿ, ಕುಣಿಸಿ, ಆಡು ಅಥವಾ ಬೇಡ ಎಂದು ಹೇಳಬೇಕು. ಹೇಳಿದ ಮೇಲೆ ಚರ್ಚೆಯಿಲ್ಲ. ಒಮ್ಮೆ ಗೋಡೆಯ ಭುಜವನ್ನು ಹೀಗೆ ಮುಟ್ಟಿ ನೋಡಿ ಕಡ್ಡಿ ಬೇಡ ಎಂದಿದ್ದಳು. ಗೋಡೆ ಹಲ್ಲು ಕಚ್ಚಿಕೊಂಡು ಹಿಂದೆ ಸರಿದಿದ್ದಳು. ಅವತ್ತು ಆಡಿದ್ದರೆ ಭುಜ ಪೂರ್ತಿ ಹೋಗುತ್ತಿತ್ತು ಎಂದು ಆಮೇಲೆ ಡಾಕ್ಟರು ಹೇಳಿದ್ದರು.

ರ‍್ಯಾಕೆಟ್ಟಿಗೆ ತಂತಿ ಕಟ್ಟುವ ಕೋಣೆಯ ಹಿಂದೆ, ಚೆಂಡಿನ ಡಬ್ಬಗಳನ್ನು ಪೇರಿಸಿಟ್ಟ ಓಣಿಯಲ್ಲಿ ಕಡ್ಡಿ ಒಂದು ಪೆಟ್ಟಿಗೆಯ ಮೇಲೆ ಕೂತು ಸಾಕ್ಸು ತೆಗೆದಳು. ಗೋಡೆ ಮಂಡಿಯೂರಿ ಕೂತು ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹೊರಗಡೆಯ ಗಂಟಿನ ಕೆಳಗೆ ಹೆಬ್ಬೆರಳಿಟ್ಟು ಒತ್ತಿದಳು. ಕಡ್ಡಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಒಳಕ್ಕೆ ತಿರುಗಿಸಿದಳು, ಹೊರಕ್ಕೆ ತಿರುಗಿಸಿದಳು. ಪಾದ ಗಟ್ಟಿಯಾಗಿ ತಡೆಯಿತು. ಎಬ್ಬಿಸಿ ಒಂಟಿ ಕಾಲಲ್ಲಿ ಕುಣಿಸಿದಳು, ಪಕ್ಕಕ್ಕೆ ಹಾರಿಸಿದಳು. ಊತವಿತ್ತು. ಊತದ ಕೆಳಗೆ ಒಳ್ಳೆಯ ಕಾಲಿತ್ತು. ಅದು ಗೋಡೆಯ ಬೆರಳಿಗೆ ಗೊತ್ತಾಯಿತು, ಯಾವ ಅನುಮಾನಕ್ಕೂ ಎಡೆಯಿಲ್ಲದ ಹಾಗೆ ಗೊತ್ತಾಯಿತು.

"ಬೇಡ," ಎಂದಳು.

ಬಾಯಿಂದ ಬಂದ ಮೇಲೆ ಅವಳಿಗೇ ಕೇಳಿಸಿತು. ವಾಪಸ್ ತೆಗೆದುಕೊಳ್ಳಲು ಸಮಯವಿತ್ತು. ಕಡ್ಡಿ ಇನ್ನೂ ಅವಳನ್ನೇ ನೋಡುತ್ತಿದ್ದಳು.

"ಒಳಗೆ ಏನೋ ಸಡಿಲ ಆಗಿದೆ ಕಣೇ. ಇವತ್ತು ಆಡಿ ಆಮೇಲೆ ಆರು ತಿಂಗಳು ಮನೇಲಿ ಕೂರ್ತೀಯಾ? ಎರಡು ದಿನ ಬಿಡು, ಡಬಲ್ಸ್‌ಗೆ ಸರಿಹೋಗುತ್ತೆ."

ಅವಳ ದನಿಯಲ್ಲಿ ಎಷ್ಟು ಅಕ್ಕರೆಯಿತ್ತೆಂದರೆ ಯಾರಾದರೂ ಕೇಳಿದ್ದರೆ ಸ್ವಂತ ತಂಗಿಗೆ ಹೇಳುತ್ತಿದ್ದಾಳೆ ಎನ್ನಬೇಕು. ಆ ಅಕ್ಕರೆ ಎಲ್ಲಿಂದ ಬಂತೆಂದು ಗೋಡೆಗೆ ತಿಳಿಯಲಿಲ್ಲ.

ಕಡ್ಡಿ ನಿಧಾನವಾಗಿ ಸಾಕ್ಸು ಏರಿಸಿದಳು. "ಸರಿ ಬಿಡು," ಎಂದಳು. ಬಾಗಿಲವರೆಗೆ ಹೋಗಿ ತಿರುಗಿ ನಕ್ಕಳು. "ನನ್ನ ಜಾಗ ನಿಂಗೇ ಬರುತ್ತಲ್ಲ. ಬೇರೆ ಯಾರಿಗಾದ್ರೂ ಹೋಗಿದ್ರೆ ಹೊಟ್ಟೆ ಉರಿದುಹೋಗ್ತಿತ್ತು."

ಟೂರ್ನಿಯ ರೆಫರಿಯಮ್ಮ ಕರೆದು ಜಾಗ ಸಿಕ್ಕಿದೆ ಎಂದು ಹೇಳಿದಾಗ ಗೋಡೆ ಆಶ್ಚರ್ಯದ ಮುಖ ಮಾಡಿದಳು. ಅದೂ ಸಲೀಸಾಗಿಯೇ ಬಂತು.

ಮಧ್ಯಾಹ್ನ ಅವಳು ಸೋತಿದ್ದರೆ ಮನಸ್ಸಿಗೆ ಒಂದು ಲೆಕ್ಕ ಸರಿಹೋಗುತ್ತಿತ್ತೇನೋ. ಆದರೆ ಅವಳ ಆಟ ಎಂದೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಎದುರಿಗಿದ್ದ ಎತ್ತರದ ಹುಡುಗಿ ಬಡಿದದ್ದೆಲ್ಲ ವಾಪಸ್ ಹೋಯಿತು, ಹೋದದ್ದೆಲ್ಲ ಗೆರೆಯ ಒಳಗೇ ಬಿತ್ತು. ಕೊನೆಗೆ ಆ ಹುಡುಗಿ ಸಿಟ್ಟಿನಲ್ಲಿ ಚೆಂಡನ್ನು ಬೇಲಿಗೆ ಹೊಡೆದಳು. ಗ್ಯಾಲರಿಯಲ್ಲಿ ಕಡ್ಡಿ, ಕಾಲಿಗೆ ಪಟ್ಟಿ ಸುತ್ತಿಕೊಂಡು, ಮುಂದಿನ ಕುರ್ಚಿಯ ಮೇಲೆ ಅದನ್ನು ಚಾಚಿ ಕೂತಿದ್ದಳು. ಪ್ರತಿ ಪಾಯಿಂಟಿಗೂ "ಹಾಗೆ, ಹಾಗೇ," ಎನ್ನುತ್ತಿದ್ದಳು. ಗೋಡೆ ಆ ಕಡೆ ನೋಡದಿರಲು ಟವೆಲಿನಲ್ಲಿ ಮುಖ ಒರೆಸಿಕೊಂಡಳು. ಬೆವರಿಲ್ಲದಾಗಲೂ ಒರೆಸಿಕೊಂಡಳು.

ಗೆದ್ದ ಮೇಲೆ ಫೋನಿನಲ್ಲಿ ಅಮ್ಮ ಅತ್ತೇಬಿಟ್ಟಳು. ಅತ್ತು ಮುಗಿಸಿ ಕೇಳಿದಳು: "ಕಡ್ಡಿ ಕಾಲು ಹೇಗಿದೆ?"

"ಪರವಾಗಿಲ್ಲ."

"ನೀನೇ ನೋಡಿ ಬೇಡ ಅಂದ್ಯಂತೆ. ಮೆಸೇಜ್ ಹಾಕಿದ್ಲು ನಂಗೆ. ಆಂಟಿ, ನಿಮ್ಮ ಮಗಳು ನನ್ನ ಕಾಲು ಉಳಿಸಿದ್ಲು ಅಂತ."

ಗೋಡೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಕೇಳಿಸ್ತಾ ಇದೆಯಾ? ಬೆಳಿಗ್ಗೆ ರಣಹದ್ದು ಅಂದೆ, ಮನಸ್ಸಿಗೆ ಹಚ್ಕೋಬೇಡ."

ಕೋಣೆಗೆ ಬಂದಾಗ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಕಡ್ಡಿ ಬಚ್ಚಲಿನ ಸಿಂಕಿನಲ್ಲಿ ಸಾಕ್ಸು ತೊಳೆಯುತ್ತಿದ್ದಳು. ತನ್ನದರ ಜೊತೆಗೆ ಗೋಡೆಯದನ್ನೂ. ಎರಡು ಕಾಲಿನ ಮೇಲೂ ಸಮನಾಗಿ ನಿಂತಿದ್ದಳು. ಪಟ್ಟಿ ಬಿಚ್ಚಿ ಮಂಚದ ಮೇಲೆ ಎಸೆದಿದ್ದಳು.

ಹೇಳದೆ ಇರಬಹುದಿತ್ತು. ಹೇಳಿದರೆ ಹಗುರಾಗುವುದು ತನಗೇ, ಭಾರವಾಗುವುದು ಅವಳಿಗೆ ಎಂದು ಮೆಟ್ಟಿಲು ಹತ್ತುವಾಗಲೇ ಗೋಡೆ ಯೋಚಿಸಿದ್ದಳು. ಆದರೆ ತನ್ನ ಸಾಕ್ಸು ಅವಳ ಕೈಯಲ್ಲಿ ನೊರೆಯಾಡುವುದನ್ನು ನೋಡುತ್ತ ನಿಲ್ಲಲಾಗಲಿಲ್ಲ.

"ನಿನ್ನ ಕಾಲಿಗೆ ಏನೂ ಆಗಿರ್ಲಿಲ್ಲ," ಎಂದಳು.

ನಲ್ಲಿ ಹರಿಯುತ್ತಲೇ ಇತ್ತು. ಕಡ್ಡಿ ಸಾಕ್ಸನ್ನು ಹಿಂಡಿದಳು, ಕೊಡವಿದಳು, ಕಂಬಿಗೆ ಹಾಕಿದಳು. ಆಮೇಲೆ ನಲ್ಲಿ ನಿಲ್ಲಿಸಿದಳು.

"ನೀನು ಒತ್ತಿದಾಗ ನೋವಾಗ್ಲಿಲ್ಲ ನಂಗೆ," ಎಂದಳು. "ಹಾರಿಸಿದಾಗ್ಲೂ ಆಗ್ಲಿಲ್ಲ. ಬಾಯಿ ಬಿಡೋ ಹಾಗಿಲ್ವಲ್ಲ. ನೀನು ಬೇಡ ಅಂದಾಗ, ಓ, ನನ್ನ ಕಾಲೇ ನಂಗೆ ಸುಳ್ಳು ಹೇಳ್ತಿದೆ ಅಂದ್ಕೊಂಡೆ."

"ಬೈಯೇ ನನ್ನ."

"ಬೈದ್ರೆ ಏನಾಗುತ್ತೆ?"

"ರೆಫರಿಯಮ್ಮನಿಗೆ ಹೇಳ್ತೀನಿ."

"ಏನಂತ? ಗೆಳತಿ ಕಾಲು ಮುಟ್ಟಿ ನೋಡಿ ಬೇಡ ಅಂದೆ ಅಂತಲಾ? ಅದಕ್ಕೆ ರೂಲ್ಸ್ ಪುಸ್ತಕದಲ್ಲಿ ಏನೂ ಇಲ್ಲ." ಕಡ್ಡಿ ಟವೆಲಿಗೆ ಕೈ ಒರೆಸಿಕೊಂಡಳು. "ಜಾಗ ಬಿಟ್ಕೊಡು ಅಂತ ಕೇಳಿದ್ದಿದ್ರೆ ಕೊಡ್ತಿದ್ನಾ ಗೊತ್ತಿಲ್ಲ. ಕೊಡ್ತಿರ್ಲಿಲ್ಲ ಅನ್ಸುತ್ತೆ. ಆದ್ರೆ ಕೇಳ್ಬಹುದಿತ್ತು ನೀನು. ಇನ್ಮೇಲೆ ನನ್ನ ಮೈ ನಾನೇ ನೋಡ್ಕೋತೀನಿ. ನಿನ್ನ ಭುಜ ಫಿಸಿಯೋಗೆ ತೋರಿಸು."

ಅಷ್ಟೇ. ಬಾಗಿಲು ಬಡಿಯಲಿಲ್ಲ, ಬೇರೆ ಕೋಣೆ ಕೇಳಲಿಲ್ಲ. ರಾತ್ರಿ ದೀಪ ಆರಿಸುವ ಮುಂಚೆ ದಿನವೂ ಕೇಳುವ ಹಾಗೆ, "ಆರಿಸ್ಲಾ?" ಎಂದು ಕೇಳಿದಳು.

ಮಾರನೆಯ ದಿನ ಎರಡನೇ ಸುತ್ತಿನಲ್ಲಿ ಗೋಡೆ ಸೋತಳು. ರ‍್ಯಾಂಕಿಂಗಿಗೆ ಬೇಕಾದ ಅಂಕ ಮೊದಲ ದಿನವೇ ಸಿಕ್ಕಿತ್ತು. ಇನ್ನೊಂದು ವರ್ಷ ಅವಳು ಆಟಗಾರ್ತಿ.

ಅದರ ಮರುದಿನ ಡಬಲ್ಸ್. ಗೋಡೆ ಹಿಂದಿನ ಗೆರೆಯಲ್ಲಿ, ಕಡ್ಡಿ ನೆಟ್ಟಿನ ಹತ್ತಿರ, ಯಾವಾಗಲೂ ನಿಲ್ಲುವ ಹಾಗೆ. ಸರ್ವಿಗೆ ಮುಂಚೆ ಚೆಂಡಿನಿಂದ ಬಾಯಿ ಮುಚ್ಚಿಕೊಂಡು ಕಿವಿಯಲ್ಲಿ ಹೇಳುವುದನ್ನು ಕಡ್ಡಿ ಹೇಳಿದಳು. ಪಾಯಿಂಟ್ ಮುಗಿದಾಗ ಅಂಗೈ ಮುಂದೆ ಚಾಚಿದಳು. ನೋಡುವವರಿಗೆ ಒಂದು ಕೂದಲೆಳೆಯ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಅವಳು ಹಾರಿ ಹೊಡೆದಳು, ಪಕ್ಕಕ್ಕೆ ಚಿಮ್ಮಿದಳು, ತಲೆಯ ಮೇಲಿಂದ ಹೋದ ಚೆಂಡಿಗೆ ಹಿಂದೆ ಹಿಂದೆ ಓಡಿ ಆ ಪಾದದ ಮೇಲೇ ಇಳಿದಳು. ಪ್ರತಿ ಸಲ ಪಾದ ನೆಲಕ್ಕೆ ತಾಗುವಾಗಲೂ ಗೋಡೆಯ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಒಮ್ಮೆ ಹಾಗೆ ನೋಡುತ್ತಿದ್ದಾಗ ಚೆಂಡು ಅವಳ ಪಕ್ಕದಿಂದ ಹಾದುಹೋಯಿತು. ಅದಕ್ಕೆ ಕೈಯನ್ನೂ ಚಾಚಿರಲಿಲ್ಲ.

ಕಡ್ಡಿ ಹತ್ತಿರ ಬಂದಳು. ಬಾಯಿಗೆ ಚೆಂಡು ಅಡ್ಡ ಹಿಡಿದಳು.

"ಕಾಲು ನೋಡ್ಬೇಡ. ಚೆಂಡು ನೋಡು."

ದನಿಯಲ್ಲಿ ಸಿಟ್ಟಿರಲಿಲ್ಲ. ಜೋಡಿಗೆ ಹೇಳಬೇಕಾದದ್ದನ್ನು ಹೇಳಿದ್ದಳು, ಅಷ್ಟೆ. ಗೋಡೆ ತಲೆಯಾಡಿಸಿ ತನ್ನ ಜಾಗಕ್ಕೆ ಹೋಗಿ ನಿಂತಳು. ಮುಂದಿನ ಸರ್ವ್ ಅವಳದು. ಚೆಂಡನ್ನು ಮೇಲಕ್ಕೆಸೆದಳು. ಸರಿಯಾಗಿ ಬರಲಿಲ್ಲ, ಕೈಯಲ್ಲಿ ಹಿಡಿದುಕೊಂಡಳು. ಎದುರಿನವರಿಗೆ ಕೈಯೆತ್ತಿ, "ಸಾರಿ," ಎಂದಳು. ಕಡ್ಡಿ ತಿರುಗಿ ನೋಡಲಿಲ್ಲ.